ತನ್ನ ನರಕ್ಕೆ ತಾನೇ ಸೂಜಿ ಚುಚ್ಚಿಕೊಂಡ ವೈದ್ಯ

ಕಳೆದ ಚಳಿಗಾಲದಲ್ಲಿ ಅವ್ವ ರಾಣೆಬೆನ್ನೂರಿನಿಂದ ವಾರಾಣಸಿಗೆ ಬಂದಿದ್ದಳು. ವಿಶ್ವನಾಥನ ದರ್ಶನವಾಯಿತು, ಜಂಗಮವಾಡಿ ಮಠಕ್ಕೆ ಹೋಗಿ ಬಂದೆವು, ದಶಾಶ್ವಮೇಧ ಘಾಟಿನ ಆರತಿಯನ್ನೂ ನೋಡಿದೆವು. ನಾಲ್ಕನೇ ದಿನ ಅವಳ ಕೆಳದವಡೆಯ ಹಲ್ಲು ನೋವು ಶುರುವಾಯಿತು. ರಾತ್ರಿಯಿಡೀ ಲವಂಗ ಕಚ್ಚಿಕೊಂಡು ಕುಳಿತಳು. ಬೆಳಗ್ಗೆ ಮನೆಯ ಹತ್ತಿರದ ದಂತವೈದ್ಯೆಯ ಬಳಿಗೆ ಕರೆದುಕೊಂಡು ಹೋದೆ. ಹಲ್ಲು ಕೀಳಲೇಬೇಕು ಎಂದರು. ನನ್ನನ್ನು ಹೊರಗೆ ಕೂರಿಸಿದರು.

ಐದು ನಿಮಿಷವೂ ಆಗಿರಲಿಲ್ಲ, ಒಳಗಿನಿಂದ ಕರೆ ಬಂತು. ವೈದ್ಯೆ ಸೂಜಿ ಹೊರತೆಗೆದು ಅವ್ವನ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದರು. ಅರಿವಳಿಕೆ ಮದ್ದು ಕೊಡುತ್ತಾ ಅವರು ಹಿಂದಿಯಲ್ಲಿ ಕೆಲವು ಪ್ರಶ್ನೆ ಕೇಳಿದ್ದರಂತೆ. ಬಾಯಲ್ಲಿ ವಿಚಿತ್ರ ರುಚಿ ಬರುತ್ತಿದೆಯೇ, ಕಿವಿಯಲ್ಲಿ ಶಬ್ದ ಕೇಳುತ್ತಿದೆಯೇ, ನಾಲಿಗೆ ಜುಮ್ಮೆನ್ನುತ್ತಿದೆಯೇ ಎಂದು. ಅವ್ವ ಎಲ್ಲಕ್ಕೂ ಹೂಂ ಎಂದು ತಲೆಯಾಡಿಸಿದ್ದಳು. ಡಾಕ್ಟರು ಕೇಳಿದರೆ ಇಲ್ಲ ಎನ್ನುವುದು ಅವಳ ಪ್ರಕಾರ ಮರ್ಯಾದೆಯಲ್ಲ. ಹಿಂದಿಯಂತೂ ಬಾರದು. ನಾನು ಅದೇ ಪ್ರಶ್ನೆಗಳನ್ನು ನಮ್ಮ ಮಾತಿನಲ್ಲಿ ಕೇಳಿದೆ. ಅಂಥದ್ದೇನೂ ಇಲ್ಲ, ಎದೆ ಸ್ವಲ್ಪ ಡವಡವ ಅನ್ನುತ್ತಿದೆ ಅಷ್ಟೆ ಎಂದಳು. ಮದ್ದಿನ ಜೊತೆ ಬೆರೆಸಿರುವ ಅಡ್ರಿನಲಿನ್‌ನಿಂದ ಹಾಗಾಗುತ್ತದೆ ಎಂದು ವೈದ್ಯೆ ವಿವರಿಸಿದರು. ಹತ್ತು ನಿಮಿಷ ಕಾದು, ರಕ್ತದೊತ್ತಡ ನೋಡಿ, ನನ್ನನ್ನು ಅಲ್ಲೇ ನಿಲ್ಲಿಸಿಕೊಂಡು ಹಲ್ಲು ಕಿತ್ತರು.

ಆ ಪ್ರಶ್ನೆಗಳು ನನ್ನ ತಲೆಯಲ್ಲಿ ಉಳಿದವು. ಹಲ್ಲು ಕೀಳುವಾಗ ಕಿವಿಯ ವಿಚಾರ ಏಕೆ? ಓದುತ್ತಾ ಹೋದಂತೆ, ಕೆಳದವಡೆಯ ನರಕ್ಕೆ ಮೊತ್ತಮೊದಲು ಅರಿವಳಿಕೆ ಕೊಟ್ಟ ಮನುಷ್ಯನ ಬದುಕು ಎದುರಾಯಿತು. ಅವರ ಹೆಸರು ವಿಲಿಯಂ ಸ್ಟುವರ್ಟ್ ಹಾಲ್‌ಸ್ಟೆಡ್. ಶಸ್ತ್ರವೈದ್ಯರಿಗೆ ಅವರು ಗುರುವಿನ ಗುರು. ಆದರೆ ಯಾವ ಮದ್ದಿನಿಂದ ಜಗತ್ತಿನ ನೋವು ಕಳೆದರೋ ಅದೇ ಮದ್ದು ಅವರನ್ನು ಚಟಕ್ಕೆ ದೂಡಿತು.

ಹಾಲ್‌ಸ್ಟೆಡ್ ಹುಟ್ಟಿದ್ದು 1852ರ ಸೆಪ್ಟೆಂಬರ್ 23ರಂದು, ನ್ಯೂಯಾರ್ಕಿನ ಸಿರಿವಂತ ವ್ಯಾಪಾರಿ ಮನೆತನದಲ್ಲಿ. ಯೇಲ್‌ನಲ್ಲಿ ಓದುವಾಗ ಪುಸ್ತಕಕ್ಕಿಂತ ಆಟದ ಮೈದಾನದಲ್ಲೇ ಹೆಚ್ಚು ಕಾಣಿಸಿಕೊಂಡ ಹುಡುಗ, ಫುಟ್‌ಬಾಲ್ ತಂಡದ ನಾಯಕ. ಕೊನೆಯ ವರ್ಷದಲ್ಲಿ ಅಂಗರಚನಾಶಾಸ್ತ್ರದ ರುಚಿ ಹತ್ತಿತು. 1877ರಲ್ಲಿ ವೈದ್ಯ ಪದವಿ ಪಡೆದು, ಮರುವರ್ಷ ಯುರೋಪಿಗೆ ಹೋದರು. ಆಗ ಶಸ್ತ್ರಚಿಕಿತ್ಸೆ ಕಲಿಯಬೇಕೆಂದರೆ ಜರ್ಮನ್ ಮಾತನಾಡುವ ಊರುಗಳಿಗೇ ಹೋಗಬೇಕಿತ್ತು. ವಿಯೆನ್ನಾದಲ್ಲಿ ಬಿಲ್‌ರೋತ್ ಅವರಂಥ ದಿಗ್ಗಜರ ಕೈಚಳಕ ನೋಡಿ ಎರಡು ವರ್ಷ ಕಲಿತರು.

1880ರಲ್ಲಿ ನ್ಯೂಯಾರ್ಕಿಗೆ ಮರಳಿದ ಹಾಲ್‌ಸ್ಟೆಡ್ ಮಹಾ ಧೈರ್ಯವಂತ. ಮರುವರ್ಷ ಅವರ ತಂಗಿ ಹೆರಿಗೆಯ ನಂತರ ರಕ್ತಸ್ರಾವದಿಂದ ಸಾಯುವ ಸ್ಥಿತಿಗೆ ಬಂದಾಗ, ತಮ್ಮ ತೋಳಿನಿಂದಲೇ ರಕ್ತ ತೆಗೆದು ಅವಳಿಗೆ ಏರಿಸಿದರು. ರಕ್ತದ ಗುಂಪುಗಳೆಂಬುದು ಗೊತ್ತಾಗಲು ಇನ್ನೂ ಇಪ್ಪತ್ತು ವರ್ಷ ಬೇಕಿದ್ದ ಕಾಲ ಅದು. ತಂಗಿ ಬದುಕಿದಳು. 1882ರಲ್ಲಿ ತಾಯಿಗೆ ಪಿತ್ತಕೋಶ ಕೀವುಗಟ್ಟಿದಾಗ ನಡುರಾತ್ರಿಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿ ತಾವೇ ಶಸ್ತ್ರಚಿಕಿತ್ಸೆ ಮಾಡಿದರು. ತಾಯಿಯೂ ಬದುಕಿದಳು. ಎರಡು ಸಲ ಗೆದ್ದ ಆ ಧೈರ್ಯವೇ ಮೂರನೇ ಸಲ ಕೈಕೊಟ್ಟಿತು.

1884ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೋಲರ್, ಕೊಕೇನ್ ದ್ರಾವಣದ ಹನಿ ಹಾಕಿದರೆ ಕಣ್ಣು ಜೋಮು ಹಿಡಿಯುತ್ತದೆ ಎಂದು ತೋರಿಸಿದರು. ಕಪ್ಪೆಯ ಕಣ್ಣು, ಮೊಲದ ಕಣ್ಣು, ಆಮೇಲೆ ತಮ್ಮದೇ ಕಣ್ಣು, ಹೀಗೆ ಪರೀಕ್ಷಿಸಿದ್ದರು. ಹೈಡೆಲ್‌ಬರ್ಗಿನ ಸಮ್ಮೇಳನಕ್ಕೆ ಹೋಗಲು ಅವರ ಬಳಿ ದುಡ್ಡಿರಲಿಲ್ಲ. ಪ್ರಬಂಧವನ್ನು ಬೇರೊಬ್ಬರು ಓದಿದರು. ಕೆಲವೇ ವಾರಗಳಲ್ಲಿ ಸುದ್ದಿ ಅಟ್ಲಾಂಟಿಕ್ ದಾಟಿತು.

ಇದು ಎಂಥ ಸುದ್ದಿ ಎಂಬುದನ್ನು ಕಾಶಿಯಲ್ಲಿ ಕುಳಿತು ಊಹಿಸುವುದು ಸುಲಭ. ಕಾಶಿಯ ದೊರೆ ದಿವೋದಾಸ ಧನ್ವಂತರಿಯೇ ಸುಶ್ರುತನ ಗುರು ಎನ್ನುತ್ತದೆ ಪರಂಪರೆ. ಮೂಗು ಜೋಡಿಸುವ ವಿದ್ಯೆ ಬಲ್ಲ ಆ ಗ್ರಂಥದಲ್ಲೂ ನೋವು ಮರೆಸಲು ಇರುವುದು ಮದ್ಯವೇ. ಈಥರ್ ಬಂದದ್ದು 1846ರಲ್ಲಿ. ಅದು ಇಡೀ ಮನುಷ್ಯನನ್ನು ಮಲಗಿಸುತ್ತಿತ್ತು. ಬೇಕಾದ ಭಾಗವನ್ನಷ್ಟೇ ಜೋಮು ಹಿಡಿಸಿ, ರೋಗಿ ಎಚ್ಚರವಿರುವಾಗಲೇ ಕೆಲಸ ಮುಗಿಸುವ ದಾರಿ ತೆರೆದದ್ದು ಕೋಲರ್.

ಕೋಲರ್ ಹಾಕಿದ್ದು ಹನಿ. ಹಾಲ್‌ಸ್ಟೆಡ್ ಒಂದು ಹೆಜ್ಜೆ ಮುಂದೆ ಹೋದರು. ಚರ್ಮದ ಮೇಲೆ ಸವರುವ ಬದಲು ನರದ ಬುಡಕ್ಕೇ ಸೂಜಿಯಿಂದ ಮದ್ದು ಬಿಟ್ಟರೆ ಆ ನರ ಹರಡಿರುವ ಜಾಗವೆಲ್ಲ ಜೋಮು ಹಿಡಿಯಬೇಕಲ್ಲ ಎಂಬುದು ಅವರ ಯೋಚನೆ. 1884ರ ಕೊನೆಯಲ್ಲಿ ಗೆಳೆಯ ರಿಚರ್ಡ್ ಹಾಲ್ ಮತ್ತು ಕೆಲವು ಕಿರಿಯ ವೈದ್ಯರೊಂದಿಗೆ ಪ್ರಯೋಗ ಶುರುಮಾಡಿದರು. ಪ್ರಯೋಗದ ಪ್ರಾಣಿಗಳು ಅವರೇ. ಒಬ್ಬರ ತೋಳಿಗೆ ಇನ್ನೊಬ್ಬರು, ಒಬ್ಬರ ದವಡೆಗೆ ಮತ್ತೊಬ್ಬರು ಚುಚ್ಚಿದರು. ಕೆಳದವಡೆಯ ಮೂಳೆಯೊಳಕ್ಕೆ ಹೋಗುವ ನರವನ್ನು ಬಾಯಿಯ ಹಿಂಭಾಗದಲ್ಲಿ ಹಿಡಿದರೆ ಆ ಬದಿಯ ಹಲ್ಲುಗಳೆಲ್ಲ ಒಟ್ಟಿಗೆ ಜೋಮು ಹಿಡಿಯುತ್ತವೆ ಎಂದು ಗೊತ್ತಾಯಿತು. ಅವ್ವನಿಗೆ ಕೊಟ್ಟದ್ದು ಇದೇ ಚುಚ್ಚುಮದ್ದು. ಮದ್ದು ಬದಲಾಗಿದೆ, ಜಾಗ ಬದಲಾಗಿಲ್ಲ.

ಅವರು ಇನ್ನೂ ಕೆಲವು ಸಂಗತಿ ಗಮನಿಸಿದರು. ಮದ್ದು ತೀರ ತೆಳುವಾಗಿದ್ದರೂ ಸಾಕು. ಆ ಭಾಗದ ರಕ್ತಸಂಚಾರ ಕಡಿಮೆ ಮಾಡಿದರೆ ಜೋಮು ಹೆಚ್ಚು ಹೊತ್ತು ನಿಲ್ಲುತ್ತದೆ. ಬರೀ ನೀರನ್ನು ಚರ್ಮದೊಳಗೆ ಚುಚ್ಚಿದರೂ ಸ್ವಲ್ಪ ಹೊತ್ತು ಸ್ಪರ್ಶ ತಿಳಿಯುವುದಿಲ್ಲ. ಇವೆಲ್ಲ ಮುಂದೆ ರೋಗಿಗಳ ಜೀವ ಉಳಿಸಿದ ತಿಳಿವಳಿಕೆಗಳು. ಕಡಿಮೆ ಮದ್ದು, ಜಾಗದಲ್ಲೇ ಹೆಚ್ಚು ಹೊತ್ತು ನಿಲ್ಲುವ ಮದ್ದು ಎಂದರೆ ರಕ್ತಕ್ಕೆ ಸೇರುವ ವಿಷ ಕಡಿಮೆ ಎಂದರ್ಥ.

ಆದರೆ ತಮ್ಮ ರಕ್ತಕ್ಕೆ ಎಷ್ಟು ಸೇರುತ್ತಿದೆ ಎಂದು ಅವರು ಲೆಕ್ಕ ಇಡಲಿಲ್ಲ. ಕೊಕೇನ್ ಚಟ ಹಿಡಿಸುತ್ತದೆ ಎಂಬ ಅರಿವೇ ಆಗ ಸರಿಯಾಗಿ ಇರಲಿಲ್ಲ. ಮಾರ್ಫಿನ್ ಚಟ ಬಿಡಿಸಲು ಕೊಕೇನ್ ಒಳ್ಳೆಯದು ಎಂದು ಕೋಲರ್ ಅವರ ಗೆಳೆಯ ಸಿಗ್ಮಂಡ್ ಫ್ರಾಯ್ಡ್ ನಂಬಿದ್ದ ಕಾಲ ಅದು. ಮೊದಲ ತಿಂಗಳುಗಳಲ್ಲಿ ಹಾಲ್‌ಸ್ಟೆಡ್ ತಂಡಕ್ಕೆ ದಣಿವೇ ತಿಳಿಯಲಿಲ್ಲ. ಆಮೇಲೆ ಒಬ್ಬೊಬ್ಬರೇ ಕುಸಿದರು. ಕೆಲವರು ಮತ್ತೆ ಮೇಲೇಳಲೇ ಇಲ್ಲ.

1885ರ ಸೆಪ್ಟೆಂಬರ್‌ನಲ್ಲಿ ಹಾಲ್‌ಸ್ಟೆಡ್ ಒಂದು ವೈದ್ಯಕೀಯ ಪತ್ರಿಕೆಗೆ ಲೇಖನ ಬರೆದರು. ಸಾವಿರಕ್ಕೂ ಹೆಚ್ಚು ಸಣ್ಣ ಶಸ್ತ್ರಚಿಕಿತ್ಸೆಗಳಲ್ಲಿ ಕೊಕೇನ್ ಯಶಸ್ವಿಯಾಗಿದೆ ಎಂಬುದು ವಿಷಯ. ಆದರೆ ಅದರ ಮೊದಲ ವಾಕ್ಯವೇ ತಲೆ ಬುಡವಿಲ್ಲದೆ ಸುತ್ತಿಕೊಂಡು ಹೋಗುತ್ತದೆ. ಬರೆಯುವವನ ಬುದ್ಧಿ ಅವನ ಹಿಡಿತದಲ್ಲಿಲ್ಲ ಎಂಬುದನ್ನು ಇಂದು ಓದಿದವರೂ ಗುರುತಿಸಬಹುದು. ಮೈಯಲ್ಲಿ ವಿಷ ಏರಿದವನಿಗೆ ತನಗೆ ವಿಷ ಏರಿದೆ ಎಂದು ತಿಳಿಯುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗೆಳೆಯ ವಿಲಿಯಂ ವೆಲ್ಚ್ ಅವರನ್ನು ಹಾಯಿಹಡಗಿನಲ್ಲಿ ಕೆರಿಬಿಯನ್ ದ್ವೀಪಗಳತ್ತ ಕರೆದೊಯ್ದು, ಕೊಕೇನ್ ಪ್ರಮಾಣ ಇಳಿಸಿ ಚಟ ಬಿಡಿಸಲು ನೋಡಿದರು. ಆಗಲಿಲ್ಲ. 1886ರಲ್ಲಿ ಪ್ರಾವಿಡೆನ್ಸ್‌ನ ಬಟ್ಲರ್ ಆಸ್ಪತ್ರೆಗೆ ಸೇರಿ ಹಾಲ್‌ಸ್ಟೆಡ್ ತಿಂಗಳುಗಟ್ಟಲೆ ಇದ್ದರು. ಅಲ್ಲಿ ಕೊಕೇನ್ ಜಾಗಕ್ಕೆ ಮಾರ್ಫಿನ್ ಬಂತು. ವೆಲ್ಚ್ ಆಗ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ಗೆ ಹೋಗಿದ್ದರು. ಗೆಳೆಯನನ್ನು ಅಲ್ಲಿಗೆ ಕರೆಸಿ ತಮ್ಮ ಪ್ರಯೋಗಾಲಯದಲ್ಲಿ ಕೆಲಸ ಕೊಟ್ಟರು. 1887ರಲ್ಲಿ ಹಾಲ್‌ಸ್ಟೆಡ್ ಮತ್ತೊಮ್ಮೆ ಆಸ್ಪತ್ರೆ ಸೇರಬೇಕಾಯಿತು.

ಮರಳಿ ಬಂದದ್ದು ಬೇರೆಯೇ ಹಾಲ್‌ಸ್ಟೆಡ್. ನ್ಯೂಯಾರ್ಕಿನ ವೇಗದ, ಮಾತುಗಾರ, ಧೈರ್ಯಶಾಲಿ ಸರ್ಜನ್ ಹೋಗಿ, ನಿಧಾನವಾದ, ಒಂಟಿಯಾದ, ಅತಿ ಎಚ್ಚರದ ಮನುಷ್ಯ ಬಂದಿದ್ದ. ಅಂಗಾಂಶವನ್ನು ಮೆಲ್ಲಗೆ ಮುಟ್ಟಬೇಕು, ಒಂದು ಹನಿ ರಕ್ತವೂ ಸುಮ್ಮನೆ ಹೋಗಬಾರದು, ತೆಳು ರೇಷ್ಮೆಯಿಂದ ಪದರ ಪದರವಾಗಿ ಹೊಲಿಯಬೇಕು, ಅವಸರ ಕೂಡದು. 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಬಾಗಿಲು ತೆರೆಯಿತು. ಮರುವರ್ಷ ಅವರು ಅಲ್ಲಿನ ಮುಖ್ಯ ಶಸ್ತ್ರವೈದ್ಯರಾದರು.

ಶಸ್ತ್ರಚಿಕಿತ್ಸಾ ಕೊಠಡಿಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ ಕ್ರಿಮಿನಾಶಕ ದ್ರಾವಣದಿಂದ ಸುಲಿದು ಹೋಗುತ್ತಿತ್ತು. ಅವರಿಗಾಗಿ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳು ಕೈಗವಸು ಮಾಡಿಸಿ ತರಿಸಿದರು. ಇಂದು ಜಗತ್ತಿನ ಎಲ್ಲ ಶಸ್ತ್ರವೈದ್ಯರೂ ಕೈಗವಸು ಹಾಕುವುದರ ಹಿಂದೆ ಆ ಒಲವಿನ ಕತೆಯಿದೆ. 1890ರಲ್ಲಿ ಇಬ್ಬರೂ ಮದುವೆಯಾದರು. ಅಂಡವಾಯು ಮತ್ತು ಸ್ತನ ಕ್ಯಾನ್ಸರ್‌ಗೆ ಹಾಲ್‌ಸ್ಟೆಡ್ ಹೊಸ ಶಸ್ತ್ರಚಿಕಿತ್ಸೆ ರೂಪಿಸಿದರು. ಸ್ತನವನ್ನೂ ಅದರಡಿಯ ಸ್ನಾಯುವನ್ನೂ ಪೂರ್ತಿ ತೆಗೆಯುವ ಅವರ ಪದ್ಧತಿ ಬಹುಕಾಲ ನಡೆದು, ಅಷ್ಟು ಕತ್ತರಿಸಬೇಕಾಗಿಲ್ಲ ಎಂದು ಗೊತ್ತಾದ ಮೇಲೆ ಹಿಂದೆ ಸರಿಯಿತು. ಹಿರಿಯರ ಕಣ್ಣೆದುರು ವರ್ಷಾನುಗಟ್ಟಲೆ ದುಡಿದು ಹಂತ ಹಂತವಾಗಿ ಹೊಣೆ ಹೊರುವ ರೆಸಿಡೆನ್ಸಿ ತರಬೇತಿ ಮಾತ್ರ ಉಳಿದಿದೆ. ನಮ್ಮ ಮೆಡಿಕಲ್ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳ ದಿನಚರಿಯಲ್ಲೂ ಅದರ ನೆರಳಿದೆ. ಮಿದುಳು ಶಸ್ತ್ರಚಿಕಿತ್ಸೆಯ ಹಾರ್ವೆ ಕುಶಿಂಗ್ ಅವರ ಗರಡಿಯಲ್ಲೇ ಪಳಗಿದವರು.

ಹೊರಗೆ ಇಷ್ಟೆಲ್ಲ. ಒಳಗೆ ಮಾರ್ಫಿನ್ ಇತ್ತು. ಬೇಸಿಗೆ ಬಂದರೆ ಹಾಲ್‌ಸ್ಟೆಡ್ ಉತ್ತರ ಕೆರೊಲಿನಾದ ತಮ್ಮ ತೋಟದ ಮನೆಗೆ ಹೋಗಿ ಡೇಲಿಯಾ ಹೂವು ಬೆಳೆಸುತ್ತಿದ್ದರು, ಇಲ್ಲವೇ ಯುರೋಪಿನಲ್ಲಿ ಒಬ್ಬರೇ ಇರುತ್ತಿದ್ದರು. ಅವರು ಪೂರ್ತಿ ಗುಣವಾದರೆಂದೇ ಬಹಳ ಜನ ತಿಳಿದಿದ್ದರು. ಸಹೋದ್ಯೋಗಿ ವಿಲಿಯಂ ಆಸ್ಲರ್ ಗುಟ್ಟಾಗಿ ಬರೆದಿಟ್ಟ ಟಿಪ್ಪಣಿ 1969ರಲ್ಲಿ ಹೊರಬಂದಾಗಲೇ ಮಾರ್ಫಿನ್ ಅವರನ್ನು ಬಿಟ್ಟಿರಲಿಲ್ಲ ಎಂದು ಲೋಕಕ್ಕೆ ತಿಳಿದದ್ದು. 1922ರಲ್ಲಿ ಅಮೆರಿಕದ ದಂತವೈದ್ಯರ ಸಂಘ ನರ ಅರಿವಳಿಕೆಯ ಕೆಲಸಕ್ಕಾಗಿ ಅವರನ್ನು ಗೌರವಿಸಿತು. ಆಗ ಆ ಕೆಲಸ ನಡೆದು ಮೂವತ್ತೇಳು ವರ್ಷ ಕಳೆದಿತ್ತು. ಅದೇ ವರ್ಷ ಸೆಪ್ಟೆಂಬರ್ 7ರಂದು, ಪಿತ್ತನಾಳದ ಕಲ್ಲಿಗೆ ತಮ್ಮದೇ ಶಿಷ್ಯರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ನ್ಯುಮೋನಿಯಾದಿಂದ ತೀರಿಕೊಂಡರು. ಎಪ್ಪತ್ತು ತುಂಬಲು ಹದಿನಾರು ದಿನ ಉಳಿದಿತ್ತು.

ಅವರು ಬದುಕಿದ್ದಾಗಲೇ ಕೊಕೇನ್ ಹಿಂದೆ ಸರಿಯತೊಡಗಿತ್ತು. 1904ರಲ್ಲಿ ಐನ್‌ಹಾರ್ನ್ ಪ್ರೊಕೇನ್ ತಯಾರಿಸಿದರು. 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಲಿಗ್ನೋಕೇನ್ ತಯಾರಿಸಿದರು. ನಮ್ಮ ಹಲ್ಲಿನ ಡಾಕ್ಟರರ ಕೈಯಲ್ಲಿರುವುದು ಇದೇ. ಇವು ಚಟ ಹಿಡಿಸುವುದಿಲ್ಲ. ಆದರೆ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರಿದರೆ ವಿಷವೇ. ನರದಲ್ಲಿ ಸೋಡಿಯಂ ಹಾದುಹೋಗುವ ಬಾಗಿಲನ್ನು ಮುಚ್ಚಿ ನೋವಿನ ಸಂದೇಶ ನಿಲ್ಲಿಸುವುದು ಈ ಮದ್ದಿನ ಕೆಲಸ. ಅಂಥದೇ ಬಾಗಿಲು ಮಿದುಳಿನಲ್ಲೂ ಇದೆ, ಹೃದಯದಲ್ಲೂ ಇದೆ.

ಅಳತೆಯ ಲೆಕ್ಕ ಹೀಗಿದೆ. ಶೇ. 2ರ ಲಿಗ್ನೋಕೇನ್ ಎಂದರೆ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ. ಬರೀ ಲಿಗ್ನೋಕೇನ್ ಆದರೆ ದೇಹತೂಕದ ಪ್ರತಿ ಕಿಲೋಗೆ 4.5 ಮಿಲಿಗ್ರಾಂ, ಅಡ್ರಿನಲಿನ್ ಬೆರೆತಿದ್ದರೆ 7 ಮಿಲಿಗ್ರಾಂ ಸಾಮಾನ್ಯವಾಗಿ ಹೇಳುವ ಮಿತಿ. 50 ಕಿಲೋ ತೂಗುವ ಅವ್ವನಿಗೆ ಮೊದಲನೆಯದಾದರೆ 225 ಮಿಲಿಗ್ರಾಂ, ಅಂದರೆ ಸುಮಾರು 11 ಮಿಲಿಲೀಟರ್. ಹಲ್ಲಿಗೆ ಬೇಕಾಗುವುದು ಅದಕ್ಕಿಂತ ಬಹಳ ಕಡಿಮೆ. ಆದರೆ ಸೂಜಿಯ ತುದಿ ರಕ್ತನಾಳದೊಳಗೇ ಇದ್ದರೆ ಸ್ವಲ್ಪ ಮದ್ದೂ ತೊಂದರೆ ಕೊಡಬಲ್ಲದು. ಅದಕ್ಕೇ ಮದ್ದು ಬಿಡುವ ಮೊದಲು ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡುವುದು, ಮೆಲ್ಲಗೆ ಸ್ವಲ್ಪ ಸ್ವಲ್ಪವೇ ಬಿಡುವುದು, ನಡುವೆ ರೋಗಿಯನ್ನು ಮಾತನಾಡಿಸುವುದು. ವಯಸ್ಸಾದವರು, ತೂಕ ಕಡಿಮೆ ಇರುವವರು, ಚಿಕ್ಕ ಮಕ್ಕಳು, ಹೃದಯ ಅಥವಾ ಯಕೃತ್ತಿನ ತೊಂದರೆ ಇರುವವರ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು.

ವಿಷ ಏರುವಾಗ ಮೊದಲು ಮಾತನಾಡುವುದು ಮಿದುಳು. ಬಾಯಿಯ ಸುತ್ತ ಮತ್ತು ನಾಲಿಗೆ ಜುಮ್ಮೆನ್ನುತ್ತದೆ. ಬಾಯಲ್ಲಿ ಕಬ್ಬಿಣ ಚೀಪಿದ ರುಚಿ ಬರುತ್ತದೆ. ಕಿವಿ ಗುಂಯ್‌ಗುಡುತ್ತದೆ, ಕಣ್ಣು ಮಂಜಾಗುತ್ತದೆ, ತಲೆ ತಿರುಗುತ್ತದೆ. ಚುಚ್ಚಿದ ಬದಿಯ ತುಟಿ, ಅರ್ಧ ನಾಲಿಗೆ ಜೋಮು ಹಿಡಿಯುವುದು ಮದ್ದಿನ ಸಹಜ ಕೆಲಸ. ಎರಡೂ ಬದಿ ಜುಮ್ಮೆಂದರೆ ಅದು ಎಚ್ಚರಿಕೆ. ಆಮೇಲೆ ತಳಮಳ, ತೊದಲು, ಸ್ನಾಯು ಅದುರುವುದು, ಫಿಟ್ಸ್. ಇನ್ನೂ ಏರಿದರೆ ಎಚ್ಚರ ತಪ್ಪಿ, ಉಸಿರು ಇಳಿದು, ಹೃದಯದ ಬಡಿತವೇ ತಪ್ಪುತ್ತದೆ. ಬಹುಪಾಲು ಸಲ ಇದು ಮೊದಲ ಕೆಲವು ನಿಮಿಷಗಳಲ್ಲೇ ಕಾಣುತ್ತದೆ. ಕೆಲವೊಮ್ಮೆ ಅರ್ಧ ಗಂಟೆ, ಅದಕ್ಕೂ ತಡವಾಗಬಹುದು. ಬ್ಯುಪಿವಕೇನ್‌ನಂಥ ಪ್ರಬಲ ಮದ್ದುಗಳಲ್ಲಿ ಮುನ್ಸೂಚನೆ ಇಲ್ಲದೆ ನೇರ ಹೃದಯಕ್ಕೇ ಪೆಟ್ಟು ಬೀಳುವುದೂ ಉಂಟು.

ಎದೆ ಡವಡವ ಎನ್ನುವುದೆಲ್ಲ ವಿಷವಲ್ಲ. ಅದು ಅಡ್ರಿನಲಿನ್ ಇರಬಹುದು, ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಸೂಜಿಯ ಭಯಕ್ಕೆ ಮುಖ ಬಿಳಿಚಿ, ಬೆವತು, ನಾಡಿ ನಿಧಾನವಾಗಿ ತಲೆಸುತ್ತಿದರೆ ಮಲಗಿಸಿ ಕಾಲು ಮೇಲೆತ್ತಿದ ಕೂಡಲೇ ಸರಿಹೋಗುತ್ತದೆ. ಮೈಮೇಲೆ ದದ್ದು, ಮುಖದ ಊತ, ಉಬ್ಬಸ ಕಂಡರೆ ಅದು ಅಲರ್ಜಿ. ಅದರ ಚಿಕಿತ್ಸೆ ಬೇರೆ.

ವಿಷ ಏರಿದೆ ಎನಿಸಿದ ಕೂಡಲೇ ಮದ್ದು ನಿಲ್ಲಿಸಬೇಕು, ಸಹಾಯಕ್ಕೆ ಕೂಗಬೇಕು, ಉಸಿರಿನ ದಾರಿ ತೆರೆದು ಆಮ್ಲಜನಕ ಕೊಡಬೇಕು. ಆಮ್ಲಜನಕ ಕಡಿಮೆಯಾಗಿ ರಕ್ತ ಆಮ್ಲೀಯವಾದರೆ ವಿಷದ ಬಲ ಹೆಚ್ಚುತ್ತದೆ. ಫಿಟ್ಸ್ ಬಂದರೆ ಮಿಡಜೋಲಾಂನಂಥ ಮದ್ದು ಕೊಟ್ಟು ತಡೆಯುತ್ತಾರೆ. ಗಂಭೀರವಾದರೆ ಶೇ. 20ರ ಲಿಪಿಡ್ ಎಮಲ್ಷನ್, ಅಂದರೆ ಬಾಯಿಯಿಂದ ಆಹಾರ ತೆಗೆದುಕೊಳ್ಳಲಾಗದ ರೋಗಿಗಳಿಗೆ ನರದ ಮೂಲಕ ಕೊಡುವ ಹಾಲಿನಂಥ ಕೊಬ್ಬಿನ ದ್ರಾವಣ, ಜೀವ ಉಳಿಸುತ್ತದೆ. ಷಿಕಾಗೋದ ಡಾ. ಗೈ ವೈನ್‌ಬರ್ಗ್ 1998ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. 2006ರಲ್ಲಿ ನ್ಯೂಯಾರ್ಕಿನಲ್ಲಿ ಹೃದಯ ನಿಂತಿದ್ದ ರೋಗಿಯೊಬ್ಬರು ಇದರಿಂದ ಬದುಕಿದ ವರದಿ ಬಂತು. ಕೊಬ್ಬಿನ ಕಣಗಳು ಹೃದಯ, ಮಿದುಳಿನಿಂದ ಮದ್ದನ್ನು ಹೊತ್ತು ಬೇರೆಡೆಗೆ ಸಾಗಿಸುತ್ತವೆ. 70 ಕಿಲೋಗಿಂತ ಕಡಿಮೆ ತೂಕದವರಿಗೆ ಮೊದಲಿಗೆ ಕಿಲೋಗೆ 1.5 ಮಿಲಿಲೀಟರ್, ಎರಡು ಮೂರು ನಿಮಿಷದಲ್ಲಿ. ಅವ್ವನ ತೂಕಕ್ಕಾದರೆ 75 ಮಿಲಿಲೀಟರ್. ಹೃದಯ ನಿಂತರೆ ಎದೆ ಒತ್ತುವುದನ್ನು ಬಹಳ ಹೊತ್ತು ಬಿಡದೆ ಮುಂದುವರಿಸಬೇಕು. ಇಲ್ಲಿ ಅಡ್ರಿನಲಿನ್ ಅನ್ನು ಎಂದಿನ ಪ್ರಮಾಣಕ್ಕಿಂತ ಬಹಳ ಕಡಿಮೆ ಕೊಡುತ್ತಾರೆ. ಇದೆಲ್ಲ ವೈದ್ಯರ ಕೆಲಸ. ನಾವು ಮಾಡಬಹುದಾದದ್ದು, ದೊಡ್ಡ ಪ್ರಮಾಣದ ಅರಿವಳಿಕೆ ಬೇಕಾದಲ್ಲಿ ಈ ದ್ರಾವಣ ಕೈಗೆಟುಕುವಂತಿದೆಯೇ ಎಂದು ಮೊದಲೇ ಕೇಳುವುದು.

ನಮ್ಮ ಕೆಲಸ ಇನ್ನೂ ಒಂದಿದೆ. ಈ ವಿಷದ ಮೊದಲ ಸೂಚನೆ ಯಾವ ಯಂತ್ರದಲ್ಲೂ ಕಾಣುವುದಿಲ್ಲ, ರೋಗಿಯ ಬಾಯಿಂದಲೇ ಬರಬೇಕು. ಕೊನೆಯ ಹಂತ ಬಂದಾಗ ಹಾಲ್‌ಸ್ಟೆಡ್ ಅವರ ಲೇಖನದಂತೆ ಮಾತು ತನ್ನ ಹಿಡಿತದಲ್ಲಿರುವುದಿಲ್ಲ. ಮಾತನಾಡಲು ಇರುವುದು ಮೊದಲ ಕೆಲವು ಕ್ಷಣಗಳಷ್ಟೇ. ಆ ಹೊತ್ತಿಗೆ ಡಾಕ್ಟರ ಭಾಷೆ ಹಿಂದಿ, ಮರಾಠಿ ಅಥವಾ ಇಂಗ್ಲಿಷ್ ಆಗಿದ್ದು, ಅವ್ವನ ಭಾಷೆ ಬರೀ ಕನ್ನಡವಾಗಿದ್ದರೆ? ಹೊರನಾಡಿನ ನಮ್ಮೆಲ್ಲರ ಮನೆಗೂ ಊರಿಂದ ಅಪ್ಪ ಅವ್ವ ಬರುತ್ತಾರೆ. ನಮ್ಮ ಸರ್ಕಾರದ ಸಹಾಯಧನ ಪಡೆದು ಕಾಶಿಗೆ ಬರುವ ಹಿರಿಯರೂ ಬಹಳ. ಅವರ ಹಲ್ಲು, ಕಣ್ಣು, ಗಾಯದ ಹೊಲಿಗೆ ನಮ್ಮ ಊರಿನಲ್ಲೇ ಆಗಬೇಕಾಗಬಹುದು.

ಸೂಜಿ ಚುಚ್ಚುವ ಹೊತ್ತಿಗೆ ಒಳಗೆ ನಿಲ್ಲಲು ಅನುಮತಿ ಕೇಳಿ. ಆಗದಿದ್ದರೆ ಮುಂಚೆಯೇ ಹೇಳಿಕೊಡಿ. ನಾಲಿಗೆಯ ಎರಡೂ ಬದಿ ಜುಮ್ಮೆಂದರೆ, ಕಿವಿ ಗುಂಯ್‌ಗುಟ್ಟಿದರೆ, ಬಾಯಿ ಕಬ್ಬಿಣದಂತಾದರೆ ಕೈ ಮೇಲೆತ್ತಬೇಕು ಎಂದು. ಕೈ ಎತ್ತಿದರೆ ನಿಲ್ಲಿಸಿ ಎಂದು ಡಾಕ್ಟರಿಗೂ ತಿಳಿಸಿ.

ಎರಡನೇ ಹಲ್ಲು ಕೀಳಿಸಲು ಮತ್ತೆ ಹೋದಾಗ ಅವ್ವ ಎಡಗೈ ತೊಡೆಯ ಮೇಲಿಟ್ಟುಕೊಂಡು ತಯಾರಾಗಿ ಕುಳಿತಿದ್ದಳು. ವೈದ್ಯೆ ಹಿಂದಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಕೇಳಿದೆ. ಈ ಸಲ ಅವಳು ಸ್ಪಷ್ಟವಾಗಿ ಇಲ್ಲ ಎಂದು ತಲೆಯಾಡಿಸಿದಳು.